ಶಾಲು ಹೊದಿಸಿದ ಮೇಲೆ ಪ್ರಶ್ನೆ ಕೇಳೋದು ಹೇಗೆ?

ನಮ್ಮೂರ ಸಭೆಯ ವಾಟ್ಸಾಪ್ ಗುಂಪಿಗೆ ಈಚೆಗೆ ಒಂದು ಫೋಟೋ ಬಂತು. ಚರ್ಚಿನ ವಾರ್ಷಿಕೋತ್ಸವದ್ದು. ಆಲ್ಟರ್ ಮೆಟ್ಟಿಲ ಮೇಲೆ ಸಾಲಾಗಿ ಕುರ್ಚಿ ಹಾಕಿದ್ದಾರೆ. ನಡುವಿನ ದೊಡ್ಡ ಕುರ್ಚಿಯಲ್ಲಿ ಶಾಸಕರು ಕೂತಿದ್ದಾರೆ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ನಮ್ಮ ಹಿರಿಯರೊಬ್ಬರು ಹಾರದ ಒಂದು ತುದಿ ಹಿಡಿದುಕೊಂಡು ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಹಿಂದೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರಿಂದ ಶಿಲುಬೆ ಪೂರ್ತಿ ಕಾಣುವುದಿಲ್ಲ, ಮೇಲಿನ ತುದಿ ಮಾತ್ರ ಕಾಣುತ್ತದೆ. ಫೋಟೋದ ಕೆಳಗೆ ಯಾರೋ ‘ರೋಮಾಪುರ 13:1’ ಅಂತ ಬರೆದು ಕೈಮುಗಿದ ಚಿತ್ರ ಹಾಕಿದ್ದರು. ಆಳುವ ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುವ ಬೈಬಲ್ ವಚನ ಅದು.

‘ಕಾರ್ಯಕ್ರಮದಲ್ಲಿ ಶಾಸಕರನ್ನು ಏನು ಕೇಳಿದಿರಿ?’ ಅಂತ ಕೇಳಿದೆ. ಉತ್ತರ ಕೂಡಲೇ ಬಂತು. ಕಾಂಪೌಂಡ್ ಗೋಡೆಗೆ ಅನುದಾನ ಕೇಳಿದ್ದೇವೆ. ಸ್ಮಶಾನಕ್ಕೆ ಜಾಗ ಕೇಳಿದ್ದೇವೆ. ಸಮುದಾಯ ಭವನದ ಮೇಲಿನ ಮಹಡಿಗೂ ಕೇಳಿದ್ದೇವೆ, ಮಾಡಿಸಿಕೊಡ್ತೀನಿ ಅಂದಿದ್ದಾರೆ. ‘ಬೇರೆ ಯಾರಿಗಾಗಿಯಾದರೂ ಏನಾದರೂ ಕೇಳಿದ್ರಾ?’ ಅಂದೆ. ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಜೊತೆ ಸಂಡೇ ಸ್ಕೂಲಿಗೆ ಬರುತ್ತಿದ್ದ ಗೆಳೆಯನೇ ಬರೆದ: ‘ಜರ್ಮನಿಯಲ್ಲಿ ಕೂತು ಕೇಳೋದು ಸುಲಭ ಬಿಡಪ್ಪ.’

ಚುಚ್ಚಿತು. ಅವನ ಮಾತಿನಲ್ಲಿ ನಿಜ ಇಲ್ಲ ಅಂತಲ್ಲ. ಆದರೆ ಅದೇ ವಾರ ಇಲ್ಲಿಯ ನಮ್ಮ ಚರ್ಚಿನಲ್ಲಿ ನಡೆದದ್ದು ಕಣ್ಣಮುಂದೆ ಇತ್ತು. ಅದನ್ನು ಹೇಳದೆ ಇರೋಕೆ ಆಗುತ್ತಿಲ್ಲ.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಮಂಗಳೂರಿಗೆ ಜರ್ಮನ್ ಪಾದ್ರಿಗಳನ್ನು ಕಳಿಸಿದ ಬಾಸೆಲ್ ಮಿಶನ್ನಿನ ಮನೆತನದವರಿಗೆ ಈ ಸೀಮೆ ತೀರಾ ಪರದೇಶ ಅಲ್ಲ. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲೇ ಎಸ್ಲಿಂಗನ್‌ನಲ್ಲಿ. ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗನ್‌ನಲ್ಲಿ. ಇಲ್ಲಿಯ ಚರ್ಚಿನಲ್ಲಿ ಆರ್ಗನ್ ಶುರುವಾದರೆ ಎಷ್ಟೋ ಕೀರ್ತನೆಗಳ ರಾಗ ನನಗೆ ಮೊದಲೇ ಗೊತ್ತು, ಪದ ಮಾತ್ರ ಬೇರೆ. ಹೊಸದು ಅನ್ನಿಸಿದ್ದು ಇವರು ಸರ್ಕಾರದ ಜೊತೆ ನಡೆದುಕೊಳ್ಳುವ ರೀತಿ.

ಆ ವಾರ ಸಭೆಯ ಹಿರಿಯರು ರಾತ್ರಿ ಕೂತು ಮಾತಾಡಿ, ಒಬ್ಬ ಯುವಕನಿಗೆ ಚರ್ಚಿನಲ್ಲಿ ಆಶ್ರಯ ಕೊಡುವ ತೀರ್ಮಾನ ಮಾಡಿದರು. ಯುದ್ಧ ನಡೆಯುತ್ತಿರುವ ದೇಶದಿಂದ ಬಂದ ಹುಡುಗ. ಯುರೋಪಿನ ನಿಯಮದ ಪ್ರಕಾರ, ಆಶ್ರಯ ಕೇಳಿ ಬಂದವನು ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶದಲ್ಲೇ ಅರ್ಜಿ ಹಾಕಬೇಕು. ಇವನು ಮೊದಲು ಕಾಲಿಟ್ಟ ದೇಶದಲ್ಲಿ ಲಾಕಪ್ಪಿನಲ್ಲಿ ಏಟು ತಿಂದಿದ್ದ, ಬೆನ್ನ ಮೇಲೆ ಗುರುತಿತ್ತು. ವಾಪಸ್ ಅಲ್ಲಿಗೇ ಕಳಿಸುತ್ತೇವೆ ಅಂತ ಕಾಗದ ಬಂದಿತ್ತು. ಸಾಮಾನ್ಯವಾಗಿ ಆರು ತಿಂಗಳೊಳಗೆ ಕಳಿಸಲು ಆಗದಿದ್ದರೆ ಅವನ ಅರ್ಜಿಯನ್ನು ಜರ್ಮನಿಯೇ ನೋಡಬೇಕಾಗುತ್ತದೆ. ಆ ಆರು ತಿಂಗಳು ಅವನು ಎಲ್ಲಿರಬೇಕು ಅನ್ನೋದೇ ಪ್ರಶ್ನೆ. ಪ್ಯಾರಿಷ್ ಹಾಲಿನ ಪಕ್ಕ, ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆಯಿತ್ತು. ಹಳೆಯ ಹಾಡಿನ ಪುಸ್ತಕಗಳನ್ನು ರಾಶಿ ಹಾಕಿದ್ದ ಜಾಗ. ಅದನ್ನು ಖಾಲಿ ಮಾಡಿ ಒಂದು ಮಂಚ, ಒಂದು ಮೇಜು, ನೀರು ಕಾಯಿಸುವ ಕೆಟಲ್ ಇಟ್ಟರು. ಚರ್ಚಿನ ಗೇಟು ದಾಟಿ ಅವನು ಹೋಗುವ ಹಾಗಿಲ್ಲ. ದಿನಸಿ ತರುವವರ ಪಟ್ಟಿ, ಭಾಷೆ ಕಲಿಸುವವರ ಪಟ್ಟಿ ಗೋಡೆಗೆ ಅಂಟಿಸಿದರು.

ಇಷ್ಟಕ್ಕೆ ನನಗೆ ಆಶ್ಚರ್ಯ ಆಗಲಿಲ್ಲ. ದಿಕ್ಕಿಲ್ಲದವರಿಗೆ ಮಂಚ ಹಾಕಿಕೊಡುವ ಮನಸ್ಸು ನಮ್ಮ ಕಡೆಯೂ ಇದೆ. ಆಶ್ಚರ್ಯ ಆದದ್ದು ಆಮೇಲೆ. ಹುಡುಗ ಒಳಗೆ ಬಂದ ದಿನವೇ ಪಾಸ್ಟರ್ ಅಮ್ಮ ಕಂಪ್ಯೂಟರ್ ಮುಂದೆ ಕೂತು ವಲಸೆ ಇಲಾಖೆಗೆ ಪತ್ರ ಬರೆದರು. ಹುಡುಗನ ಹೆಸರು, ಹುಟ್ಟಿದ ದಿನ, ಈಗ ಇರುವ ವಿಳಾಸ ಎಲ್ಲ ಅದರಲ್ಲಿತ್ತು. ಸ್ಥಳೀಯ ಕಚೇರಿಗೂ ಅದೇ ಪತ್ರ ಹೋಯಿತು. ಕದ್ದುಮುಚ್ಚಿ ಏನೂ ಇಲ್ಲ. ನಿಮ್ಮ ತೀರ್ಮಾನ ನಮಗೆ ಒಪ್ಪಿಗೆಯಿಲ್ಲ, ಕಾರಣ ಬರೆದು ಕಳಿಸುತ್ತೇವೆ, ದಯವಿಟ್ಟು ಮತ್ತೊಮ್ಮೆ ನೋಡಿ, ಹುಡುಗ ಇಲ್ಲೇ ಇದ್ದಾನೆ. ಅಷ್ಟೇ ಅದರ ಸಾರ.

ಇದು ಈ ಒಂದು ಊರಿನ ಹುಮ್ಮಸ್ಸಲ್ಲ. ಜರ್ಮನಿಯ ಚರ್ಚುಗಳು 1983ರಿಂದ, ಬರ್ಲಿನ್‌ನಲ್ಲಿ ಶುರುಮಾಡಿ, ಹೀಗೆ ಆಶ್ರಯ ಕೊಡುತ್ತ ಬಂದಿವೆ. 2015ರಲ್ಲಿ ವಲಸೆ ಇಲಾಖೆಗೂ ಚರ್ಚುಗಳಿಗೂ ಒಂದು ಒಪ್ಪಂದ ಆಯಿತು. ಆಶ್ರಯ ಕೊಟ್ಟ ಕೂಡಲೇ ತಿಳಿಸಬೇಕು, ಆ ವ್ಯಕ್ತಿಯ ಕಷ್ಟವನ್ನು ವಿವರವಾಗಿ ಬರೆದು ಕಳಿಸಬೇಕು, ಇಲಾಖೆ ಅದನ್ನು ಮತ್ತೆ ಪರಿಶೀಲಿಸುತ್ತದೆ. ಕಾನೂನಿನಲ್ಲಿ ಚರ್ಚಿಗೆ ವಿಶೇಷ ಹಕ್ಕೇನೂ ಇಲ್ಲ. ಪೊಲೀಸರು ಒಳಗೆ ಬರಬಹುದು, ಸಾಮಾನ್ಯವಾಗಿ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇಲಾಖೆ ಚರ್ಚಿನ ಮನವಿ ಒಪ್ಪುವುದೂ ತೀರಾ ಕಡಿಮೆ ಆಗಿದೆ. ಬವೇರಿಯಾದಲ್ಲಿ ಆಶ್ರಯ ಕೊಟ್ಟ ಪಾಸ್ಟರ್‌ಗಳ ಮೇಲೆ, ಕನ್ಯಾಸ್ತ್ರೀಯರ ಮೇಲೆ ಕೇಸು ಹಾಕಿದ್ದೂ ಇದೆ. ಅವರು ಓಡಿಹೋಗಲಿಲ್ಲ, ಕೋರ್ಟಿಗೆ ಹೋಗಿ ನಿಂತರು.

ಆ ಭಾನುವಾರ ಆರಾಧನೆಗೆ ಊರಿನ ಮೇಯರ್ ಬಂದಿದ್ದರು. ಮೂರನೇ ಬೆಂಚಿನಲ್ಲಿ, ಮಕ್ಕಳನ್ನು ಕರೆದುಕೊಂಡು ಬಂದ ಒಬ್ಬ ತಾಯಿಯ ಪಕ್ಕ ಕೂತಿದ್ದರು. ಯಾರೂ ಎದ್ದು ನಿಲ್ಲಲಿಲ್ಲ, ಮೈಕಿನಲ್ಲಿ ಹೆಸರು ಹೇಳಲಿಲ್ಲ. ಪ್ರಾರ್ಥನೆಯಲ್ಲಿ ದೇಶ ಆಳುವವರಿಗಾಗಿ ಬೇಡಿಕೊಂಡರು. ಪೊಲೀಸರಿಗಾಗಿ, ಆ ಹುಡುಗನ ಕಾಗದ ಓದಲಿರುವ ಇಲಾಖೆಯ ನೌಕರನಿಗಾಗಿಯೂ ಬೇಡಿಕೊಂಡರು. ನೌಕರನ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಆ ಮೇಜಿನ ಹಿಂದೆ ಕೂತವರಿಗೆ ಒಳ್ಳೆಯ ಮನಸ್ಸು, ಸಾಕಷ್ಟು ಸಮಯ ಕೊಡು’ ಅಂತ ಪ್ರಾರ್ಥಿಸಿದರು.

ಆರಾಧನೆ ಮುಗಿದು ಕಾಫಿಗೆ ನಿಂತಾಗ ಒಬ್ಬ ವಯಸ್ಸಾದ ಹೆಂಗಸು ಮೇಯರ್ ಹತ್ತಿರ ಬಂದರು. ಕೈಯಲ್ಲಿ ತಾವೇ ಮಾಡಿದ ಕೇಕಿನ ತಟ್ಟೆ. ಅದನ್ನು ಅವರಿಗೆ ಕೊಟ್ಟು, ‘ಆ ಹುಡುಗನ ಕಾಗದ ಓದಿದ್ದೀರಾ?’ ಅಂತ ಕೇಳಿದರು. ಅದು ನನ್ನ ಕೈಯಲ್ಲಿಲ್ಲ, ಮೇಲಿನ ಇಲಾಖೆಯದು ಅಂದರು ಮೇಯರ್. ‘ಗೊತ್ತು. ಆದರೆ ನೀವು ಬರೆದರೆ ಅವರು ಓದುತ್ತಾರೆ. ಬರೀತೀರಾ?’ ಮೇಯರ್ ಕೇಕ್ ತಟ್ಟೆಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು, ಜೇಬಿನಿಂದ ಪುಸ್ತಕ ತೆಗೆದು ಗುರುತು ಹಾಕಿಕೊಂಡರು. ಆಕೆ ದನಿ ಏರಿಸಲಿಲ್ಲ. ಹಾಗಂತ ನಕ್ಕು ಮಾತು ತೇಲಿಸಲೂ ಇಲ್ಲ. ಉತ್ತರ ಬರುವವರೆಗೆ ಅಲ್ಲೇ ನಿಂತಿದ್ದರು.

ಇದನ್ನು ನೋಡುವಾಗ ನನಗೆ ನಮ್ಮೂರಿನ ಇನ್ನೊಂದು ಹಾಲ್ ನೆನಪಾಯಿತು.

ನಾನು ಪಿಯುಸಿ ಓದುತ್ತಿದ್ದ ಕಾಲ. ನಮ್ಮ ಚರ್ಚಿನ ಹಿಂದೆ ನಾಲೆಯ ಪಕ್ಕ ಗುಡಿಸಲುಗಳಿದ್ದವು. ಒಂದು ಬೆಳಿಗ್ಗೆ ಜೆಸಿಬಿ ಬಂತು. ನೋಟಿಸ್ ಕೊಟ್ಟಿದ್ದೇವೆ ಅಂದರು ಅಧಿಕಾರಿಗಳು, ಬಂದೇ ಇಲ್ಲ ಅಂದರು ಅಲ್ಲಿದ್ದವರು. ಪ್ರತಿ ಶನಿವಾರ ನಮ್ಮ ಚರ್ಚು ಗುಡಿಸಿ ಒರೆಸುತ್ತಿದ್ದ ಅಕ್ಕನ ಮನೆಯೂ ಆ ಸಾಲಿನಲ್ಲಿತ್ತು. ಆಕೆ ಒಂದು ಟ್ರಂಕು, ಕೈಯಲ್ಲಿ ತಿರುಗಿಸುವ ಹೊಲಿಗೆ ಮಶೀನು ಹೊತ್ತುಕೊಂಡು ಬಂದರು. ಎರಡು ದಿನ ಚರ್ಚಿನ ಹಾಲಿನಲ್ಲಿ ಇಟ್ಟುಕೊಳ್ಳಿ ಅಂತ ಕೇಳಿದರು. ಕಮಿಟಿಯ ಹಿರಿಯರು ಹಾಲಿನ ಬೀಗ ತೆಗೆಯಲಿಲ್ಲ. ‘ನೋಡವ್ವಾ, ಇದು ಸರ್ಕಾರದ ಕೆಲಸ. ಅವರು ತೆಗೀತಿರೋದನ್ನ ನಾವು ಒಳಗೆ ಇಟ್ಟುಕೊಂಡರೆ ನಾಳೆ ನಮ್ಮ ಹಾಲಿಗೂ ನೋಟಿಸ್ ಬರುತ್ತೆ.’ ಮಳೆಗಾಲ ಅದು. ಮಶೀನಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಾಂಪೌಂಡಿನ ಹೊರಗೆ ಮರದ ಕೆಳಗೆ ಇಟ್ಟುಕೊಂಡು ಕೂತಿದ್ದರು. ಆ ಭಾನುವಾರ ಚರ್ಚಿನಲ್ಲಿ ಬೋಧಿಸಿದ ಪ್ರಸಂಗ ರೋಮಾಪುರ 13. ಅಧಿಕಾರವನ್ನು ಎದುರಿಸುವವನು ದೇವರ ನೇಮಕವನ್ನೇ ಎದುರಿಸುತ್ತಾನೆ ಅಂತ. ಕೆಲವೇ ದಿನಗಳಲ್ಲಿ ಜುಬಿಲಿ ಕಾರ್ಯಕ್ರಮಕ್ಕೆ ಅದೇ ಅಧಿಕಾರಿಗಳ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು.

ಅಂದಿನ ಹಿರಿಯರು ಕೆಟ್ಟವರಲ್ಲ. ಅವರಲ್ಲಿ ಒಬ್ಬರು ನನ್ನ ಕಾಲೇಜ್ ಫೀಸ್ ಕಟ್ಟಿದವರು. ಆದರೆ ಆ ವಾಕ್ಯವನ್ನು ಅವರು ಬಳಸಿದ್ದು ಬೀಗ ಹಾಕೋಕೆ.

ನಾನು ದೇವಶಾಸ್ತ್ರ ಓದಿದವನಲ್ಲ. ಸತ್ಯವೇದವನ್ನು ಮನೆಯಲ್ಲಿ ಅಜ್ಜಿ ಓದಿಸಿದ ಹಾಗೆ ಓದಿದವನು. ಆದರೂ ರೋಮಾಪುರ 13ನ್ನು ಒಂದನೇ ವಚನಕ್ಕೇ ನಿಲ್ಲಿಸದೆ ಪೂರ್ತಿ ಓದಿದರೆ, ಅಲ್ಲಿ ಅದನ್ನು ಬರೆದ ಅಪೊಸ್ತಲ ಪೌಲ ಅಧಿಕಾರಿಗೆ ಒಂದು ಕೆಲಸ ಒಪ್ಪಿಸುತ್ತಾನೆ. ಒಳ್ಳೆಯದು ಮಾಡುವವನಿಗೆ ಅವನಿಂದ ಹೊಗಳಿಕೆ ಸಿಗಬೇಕು, ಕೆಟ್ಟದ್ದು ಮಾಡುವವನಿಗೆ ಭಯ ಹುಟ್ಟಬೇಕು. ಅವನು ನಿನ್ನ ಹಿತಕ್ಕಾಗಿ ದೇವರು ಇಟ್ಟ ಸೇವಕ. ಕೆಲಸ ಒಪ್ಪಿಸಿದ ಮೇಲೆ ಕೆಲಸ ಆಯಿತಾ ಅಂತ ಕೇಳುವುದು ತಪ್ಪು ಹೇಗಾಗುತ್ತದೆ? ಸ್ವಲ್ಪ ಮುಂದೆ ಹೋದರೆ ತೆರಿಗೆ ಕೊಡಬೇಕಾದವರಿಗೆ ತೆರಿಗೆ, ಮರ್ಯಾದೆ ಕೊಡಬೇಕಾದವರಿಗೆ ಮರ್ಯಾದೆ ಅನ್ನುತ್ತಾನೆ. ಅದರ ಬೆನ್ನಿಗೇ, ನಿನ್ನ ನೆರೆಯವನನ್ನು ಪ್ರೀತಿಸು ಅಂತ ಬರುತ್ತದೆ. ಆ ಹೊಲಿಗೆ ಮಶೀನಿನ ಅಕ್ಕ ನಮಗೆ ಎಷ್ಟು ಹತ್ತಿರದ ನೆರೆಯವರು ಅಂದರೆ, ನಡುವೆ ಇದ್ದದ್ದು ಒಂದು ಗೋಡೆ ಮಾತ್ರ.

ಇನ್ನೊಂದು ಕಥೆ ನಮ್ಮ ಕಡೆ ಈ ದೃಷ್ಟಿಯಿಂದ ಓದುವುದೇ ಇಲ್ಲ. ಅಪೊಸ್ತಲರ ಕೃತ್ಯಗಳು 16. ಫಿಲಿಪ್ಪಿ ಎಂಬ ಊರಿನಲ್ಲಿ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಮನೆಗೆ ಹಾಕುತ್ತಾರೆ. ರಾತ್ರಿ ಭೂಕಂಪ, ಬಾಗಿಲುಗಳು ತೆರೆದದ್ದು, ಸೆರೆಮನೆಯ ಯಜಮಾನ ನಂಬಿದ್ದು. ಸಂಡೇ ಸ್ಕೂಲಿನಲ್ಲಿ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಬಣ್ಣದ ಚಿತ್ರ ತೋರಿಸಿ ಹಾಡು ಹಾಡಿಸುತ್ತಿದ್ದರು. ಆದರೆ ಬೆಳಗಾದ ಮೇಲೆ ಏನಾಯಿತು? ಅವರನ್ನು ಬಿಟ್ಟುಬಿಡಿ ಅಂತ ಅಧಿಕಾರಿಗಳು ಹೇಳಿ ಕಳಿಸಿದರು. ಪೌಲ ಹೊರಡಲಿಲ್ಲ. ನಾವು ರೋಮಿನ ಪೌರರು, ವಿಚಾರಣೆ ಇಲ್ಲದೆ ಎಲ್ಲರೆದುರು ಹೊಡೆಸಿದರು, ಈಗ ಗುಟ್ಟಾಗಿ ಕಳಿಸುತ್ತಾರಾ, ಆಗುವುದಿಲ್ಲ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅಧಿಕಾರಿಗಳು ಹೆದರಿ ಬಂದು ಬೇಡಿಕೊಂಡರು. ರೋಮಾಪುರದವರಿಗೆ ಪತ್ರ ಬರೆದದ್ದು ಇದೇ ಮನುಷ್ಯ, ಇದಾಗಿ ಕೆಲವು ವರ್ಷಗಳ ಮೇಲೆ. ಅಧೀನರಾಗಿರಿ ಅಂದವನೇ ಅಧಿಕಾರಿಯನ್ನು ಸೆರೆಮನೆಯ ಬಾಗಿಲಿಗೆ ಕರೆಸಿದ. ಬೈಯಲಿಲ್ಲ, ತಪ್ಪಿಸಿಕೊಂಡು ಓಡಲಿಲ್ಲ, ಬಾಗಿಲು ತೆರೆದಿದ್ದರೂ ಒಳಗೇ ಕೂತಿದ್ದ. ತಪ್ಪು ಮಾಡಿದವರು ಮುಖ ತೋರಿಸಲಿ ಅಂತ ಮಾತ್ರ ಹಟ ಹಿಡಿದ.

ಮರ್ಯಾದೆ ಕೊಟ್ಟೂ ಬಗ್ಗದೆ ಇರಬಹುದು ಅನ್ನುವುದು ನಮ್ಮ ದೇಶಕ್ಕೂ ಗೊತ್ತಿಲ್ಲದ ವಿಷಯವಲ್ಲ. 1985ರಲ್ಲಿ ಕೇರಳದಲ್ಲಿ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದರು. ಯೆಹೋವನ ಸಾಕ್ಷಿಗಳ ಪಂಗಡದ ಮನೆಯ ಮಕ್ಕಳು. ರಾಷ್ಟ್ರಗೀತೆಗೆ ದಿನವೂ ನೆಟ್ಟಗೆ ಎದ್ದು ನಿಲ್ಲುತ್ತಿದ್ದರು, ಬಾಯಿಬಿಟ್ಟು ಹಾಡುತ್ತಿರಲಿಲ್ಲ. ಅವರ ಬೋಧನೆ ನಮಗೆ ಒಪ್ಪಿಗೆಯಿಲ್ಲದೆ ಇರಬಹುದು, ನನಗೂ ಇಲ್ಲ. ಆದರೆ 1986ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಎದ್ದು ನಿಂತು ಗೌರವ ಕೊಟ್ಟಿದ್ದಾರೆ, ಹಾಡದಿರುವುದು ಅವರ ಮನಸ್ಸಾಕ್ಷಿ, ವಾಪಸ್ ಶಾಲೆಗೆ ಸೇರಿಸಿಕೊಳ್ಳಿ ಅಂತ. ಶಾಲೆಗೆ ಹೋಗುವ ಮಕ್ಕಳಿಗೆ ಗೊತ್ತಿದ್ದ ಈ ದಾರಿ ನಮ್ಮ ಪಾಸ್ಟರೇಟ್ ಕಮಿಟಿಗಳಿಗೆ ಯಾಕೆ ಹೊಳೆಯುವುದಿಲ್ಲ?

ಜರ್ಮನಿಯವರು ಇದನ್ನು ಹುಟ್ಟುತ್ತಲೇ ಕಲಿತು ಬಂದವರಲ್ಲ. ತುಂಬ ಕೆಟ್ಟ ದಾರಿಯಲ್ಲಿ ಹೋಗಿ ಕಲಿತರು. 1933ರಲ್ಲಿ ಹಿಟ್ಲರ್ ಬಂದಾಗ ಇಲ್ಲಿಯ ಎಷ್ಟೋ ಚರ್ಚುಗಳಲ್ಲಿ ಓದಿದ್ದು ಇದೇ ರೋಮಾಪುರ 13. ಆಲ್ಟರ್ ಪಕ್ಕದಲ್ಲೇ ಸ್ವಸ್ತಿಕದ ಬಾವುಟ ನಿಲ್ಲಿಸಿದರು. ಆಗ ಕೆಲವರು ಮಾತ್ರ ಎದ್ದರು. 1934ರ ಮೇ ಕೊನೆಯಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿ, ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಮುಖ್ಯವಾಗಿ ಬರೆದ ಒಂದು ಘೋಷಣೆಯನ್ನು ಒಪ್ಪಿದರು. ಅದರ ಐದನೇ ಭಾಗ ಯೇಸುವಿನ ಶಿಷ್ಯ ಪೇತ್ರನ ಮಾತಿನಿಂದಲೇ ಶುರುವಾಗುತ್ತದೆ: ದೇವರಿಗೆ ಭಯಪಡಿ, ಅರಸನನ್ನು ಸನ್ಮಾನಿಸಿ. ನ್ಯಾಯ, ಶಾಂತಿ ಕಾಯುವುದು ದೇವರು ಸರ್ಕಾರಕ್ಕೆ ಕೊಟ್ಟ ಕೆಲಸ ಅಂತ ಒಪ್ಪಿಕೊಂಡು, ಮನುಷ್ಯನ ಇಡೀ ಬದುಕು ನನ್ನದೇ ಅಂತ ಸರ್ಕಾರ ಹೇಳುವ ಹಾಗಿಲ್ಲ ಅಂತಲೂ ಬರೆದರು. ಅದಕ್ಕೂ ಒಂದು ವರ್ಷ ಮೊದಲೇ ಬೊನ್‌ಹೋಫರ್ ಎಂಬ ಚಿಕ್ಕ ವಯಸ್ಸಿನ ಪಾಸ್ಟರ್ ಬರೆದಿದ್ದರು: ಸರ್ಕಾರವನ್ನು ಪ್ರಶ್ನಿಸಬೇಕು, ಅದರ ಕೈಯಲ್ಲಿ ನರಳುವವರು ಕ್ರೈಸ್ತರಲ್ಲದಿದ್ದರೂ ಅವರ ಸೇವೆ ಮಾಡಬೇಕು, ಅದೂ ಸಾಲದಾದಾಗ ಚಕ್ರಕ್ಕೇ ಅಡ್ಡ ಹಾಕಬೇಕಾಗಬಹುದು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಬೊನ್‌ಹೋಫರ್ ಹೆಸರು ನಮ್ಮ ಕಡೆಯ ಪಾಸ್ಟರ್‌ಗಳಿಗೂ ಗೊತ್ತು. ನನ್ನನ್ನು ಜಾಸ್ತಿ ಕಾಡುವುದು ಇನ್ನೊಬ್ಬರು. ಇಲ್ಲೇ ವುರ್ಟೆಂಬರ್ಗ್ ಸೀಮೆಯ ಓಬರ್‌ಲೆನ್ನಿಂಗನ್ ಎಂಬ ಹಳ್ಳಿಯಲ್ಲಿ ಯೂಲಿಯುಸ್ ಫಾನ್ ಯಾನ್ ಅಂತ ಪಾಸ್ಟರ್ ಇದ್ದರು. 1938ರ ನವೆಂಬರ್ 9ರ ರಾತ್ರಿ ದೇಶದ ತುಂಬ ಯೆಹೂದ್ಯರ ಸಭಾಮಂದಿರಗಳನ್ನು ಸುಟ್ಟರು. ಒಂದು ವಾರದ ಮೇಲೆ, 16ನೇ ತಾರೀಕು, ಪಶ್ಚಾತ್ತಾಪದ ಪ್ರಾರ್ಥನೆಯ ದಿನ. ಆ ದಿನ ಇವರು ಯೆರೆಮೀಯನ ವಚನ ತೆಗೆದುಕೊಂಡು ಪ್ರಸಂಗ ಮಾಡಿದರು. ಬೇರೆಯವರಿಗೆ ಪವಿತ್ರವಾದ ದೇವಮಂದಿರಗಳನ್ನು ಸುಟ್ಟವರಿಗೆ ಶಿಕ್ಷೆಯೇ ಇಲ್ಲವಲ್ಲ ಅಂತ ಪ್ರಸಂಗಪೀಠದಿಂದ ಹೇಳಿದರು. ಕೆಲವು ದಿನಗಳಲ್ಲಿ ಗುಂಪು ಬಂದು ಅವರನ್ನು ಚೆನ್ನಾಗಿ ಹೊಡೆಯಿತು, ಆಮೇಲೆ ಜೈಲಾಯಿತು. ಹಳ್ಳಿ ಪಾಸ್ಟರ್, ದೊಡ್ಡ ಹೆಸರಿಲ್ಲ. ಯೆಹೂದ್ಯರಿಗಾಗಿ ಮಾತಾಡಿದ್ದರಿಂದ ಅವರ ಚರ್ಚಿಗೆ ಸಿಗುವುದೇನೂ ಇರಲಿಲ್ಲ. ನಮ್ಮ ಶಾಸಕರಿಗೆ ಕೊಟ್ಟ ಮನವಿ ಪತ್ರದ ಪಕ್ಕದಲ್ಲಿ ಆ ಪ್ರಸಂಗವನ್ನು ಇಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು. ಗೋಡೆ ನಮ್ಮದು, ಸ್ಮಶಾನ ನಮ್ಮದು, ಮಹಡಿ ನಮ್ಮದು. ಅಧಿಕಾರದ ಮುಂದೆ ನಾವು ಇನ್ನೊಬ್ಬರಿಗಾಗಿ ಬಾಯಿಬಿಟ್ಟದ್ದು ಯಾವಾಗ?

ನಮ್ಮ ಸನ್ಮಾನಗಳಲ್ಲಿ ನನಗೆ ಕಸಿವಿಸಿ ತರುವುದು ಇದೇ. ಕೈಯಲ್ಲಿ ಅರ್ಜಿ ಇಟ್ಟುಕೊಂಡು ಶಾಲು ಹೊದಿಸುವಾಗ ಗೌರವ ಎಲ್ಲಿ ಮುಗಿಯಿತು, ಲೆಕ್ಕಾಚಾರ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಶಾಸಕರಿಗೂ ಅದು ಗೊತ್ತು. ನಮ್ಮ ಅನುದಾನ ಬಿಡುಗಡೆ ಆಗುವವರೆಗೆ ನಾವು ಏನೂ ಕೇಳುವುದಿಲ್ಲ ಅನ್ನೋದು ಅವರಿಗೆ ಖಾತ್ರಿ. ದಾವೀದ ಅರಸನ ತಪ್ಪನ್ನು ಒಂದು ಕಥೆ ಹೇಳಿ ಅವನಿಗೇ ತೋರಿಸಿಕೊಟ್ಟ ನಾತಾನ ಪ್ರವಾದಿಯ ಕೈಯಲ್ಲಿ ಅರಮನೆಯಿಂದ ಆಗಬೇಕಾದ ಕೆಲಸದ ಪಟ್ಟಿ ಇದ್ದಿದ್ದರೆ, ಬಡವನ ಹೆಣ್ಣು ಕುರಿಮರಿಯ ಕಥೆ ಅವನ ಬಾಯಿಂದ ಹೊರಡುತ್ತಿತ್ತಾ?

ಗೆಳೆಯನ ಮಾತಿಗೆ ಈಗ ಬರಬೇಕು. ಇಲ್ಲಿ ಕೂತು ಕೇಳುವುದು ಸುಲಭವೇ. ಈ ಸೀಮೆಯಲ್ಲಿ ಚರ್ಚಿನ ಸದಸ್ಯರು ಕಟ್ಟುವ ಆದಾಯ ತೆರಿಗೆಯ ಮೇಲೆ ಶೇಕಡಾ 8ರಷ್ಟನ್ನು ಸರ್ಕಾರವೇ ಚರ್ಚಿಗಾಗಿ ವಸೂಲಿ ಮಾಡಿ ಕೊಡುತ್ತದೆ. ನನ್ನ ಸಂಬಳದ ಚೀಟಿಯಲ್ಲೂ ಆ ಸಾಲು ಇದೆ. ಸರ್ಕಾರದ ಜೊತೆ ಇಷ್ಟು ಗಟ್ಟಿ ಏರ್ಪಾಡು ಇರುವ ಚರ್ಚಿನ ಧೈರ್ಯಕ್ಕೂ, ಜನಸಂಖ್ಯೆಯಲ್ಲಿ ಶೇಕಡಾ ಎರಡೂ ಇಲ್ಲದ ಸಮುದಾಯದ ಧೈರ್ಯಕ್ಕೂ ಒಂದೇ ಅಳತೆ ಇಡಬಾರದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದದ್ದನ್ನು ಊರಲ್ಲಿದ್ದವರು ಯಾರೂ ಮರೆತಿಲ್ಲ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲಂತೂ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದರೂ ಅಕ್ಕಪಕ್ಕದವರು ಏನು ಅಂದುಕೊಳ್ಳುತ್ತಾರೋ ಅನ್ನುವ ಅಳುಕು ನನ್ನ ಅಮ್ಮನಿಗೇ ಬಂದಿತ್ತು. ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಶಾಸಕರ ಜೊತೆ ತೆಗೆಸಿಕೊಂಡ ಒಂದು ಫೋಟೋ ಗೋಡೆಯ ಮೇಲಿದ್ದರೆ ಸ್ಟೇಷನ್ನಿನಲ್ಲಿ ಮಾತಾಡುವ ರೀತಿ ಬದಲಾಗುತ್ತದೆ. ಆ ಶಾಲು ಅವರಿಗೆ ಕೊಡೆಯೂ ಹೌದು. ಇದನ್ನು ಒಪ್ಪದೆ ಇರೋಕೆ ಆಗಲ್ಲ.

ನಮ್ಮ ಸಭೆಗಳ ಹುಟ್ಟೂ ಹಾಗೇ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಾಗ ಆಳುತ್ತಿದ್ದವರು ಕಂಪನಿಯವರು. ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಶತ್ರು ದೇಶದವರೆಂದು ಹಿಡಿದಿಟ್ಟು ಹೊರಗೆ ಕಳಿಸಿತು. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕೈಬಿಟ್ಟು ಹೋದವು. ಅಧಿಕಾರ ಮನಸ್ಸು ಮಾಡಿದರೆ ನಮ್ಮನ್ನು ಕೈಹಿಡಿದು ನಡೆಸುವವರನ್ನೇ ಒಂದು ಆದೇಶದಲ್ಲಿ ಎತ್ತಿಬಿಡುತ್ತದೆ ಅನ್ನುವುದನ್ನು ನಮ್ಮ ಅಜ್ಜ ಮುತ್ತಜ್ಜಂದಿರು ಕಣ್ಣಾರೆ ಕಂಡರು. ತಲೆ ತಗ್ಗಿಸಿ ಇರೋದು ಅಲ್ಲಿಂದ ರೂಢಿಯಾಯಿತೋ ಏನೋ.

ಹಾಗೇ, ಇಲ್ಲಿಯವರ ಹಳೆಯ ಪುಟಗಳೂ ಅಷ್ಟೇನೂ ಶುಭ್ರವಾಗಿಲ್ಲ. ಇದೇ ಸೀಮೆಯ ಬಿಷಪ್ ತಿಯೋಫಿಲ್ ವುರ್ಮ್, ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಲ್ಲುತ್ತಿದ್ದುದರ ವಿರುದ್ಧ 1940ರಲ್ಲಿ ಮಂತ್ರಿಗೆ ನೇರವಾಗಿ ಪತ್ರ ಬರೆದವರು. ಅದೇ ವುರ್ಮ್ 1938ರಲ್ಲಿ, ಯೆಹೂದ್ಯರನ್ನು ಎದುರಿಸುವ ಸರ್ಕಾರದ ಹಕ್ಕನ್ನು ತಾನು ಪ್ರಶ್ನಿಸುವುದಿಲ್ಲ ಅಂತಲೂ ಬರೆದಿದ್ದರು. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಸ್ಟುಟ್‌ಗಾರ್ಟಿನಲ್ಲಿ ಚರ್ಚಿನ ಮುಖಂಡರು ಸೇರಿ, ನಾವು ಇನ್ನೂ ಧೈರ್ಯವಾಗಿ ಸಾಕ್ಷಿ ಹೇಳಲಿಲ್ಲ ಅಂತ ತಪ್ಪೊಪ್ಪಿಗೆ ಮಾಡಿಕೊಂಡರು. ಆ ತಪ್ಪೊಪ್ಪಿಗೆಯಲ್ಲಿ ಯೆಹೂದ್ಯರ ಹೆಸರೇ ಇರಲಿಲ್ಲ. ಈಗ ಆಶ್ರಯ ಕೊಡುವ ಈ ಚರ್ಚುಗಳ ಬೆಂಚುಗಳೂ ಅರ್ಧಕ್ಕಿಂತ ಜಾಸ್ತಿ ಖಾಲಿ. ಭಾನುವಾರ ನಮ್ಮೂರ ಚರ್ಚಿನಲ್ಲಿ ಕೂರಲು ಜಾಗ ಸಿಗದೆ ಕಿಟಕಿ ಹೊರಗೆ ನಿಂತು ಹಾಡುವವರನ್ನು ನೆನೆದರೆ ನನಗೆ ಇಲ್ಲಿಯ ಧೈರ್ಯಕ್ಕಿಂತ ಆ ಹಾಡೇ ಬೇಕು ಅನ್ನಿಸುವ ದಿನಗಳಿವೆ.

ನಮ್ಮಲ್ಲಿ ಬಾಯಿಬಿಟ್ಟವರೇ ಇಲ್ಲ ಅಂದರೆ ಅನ್ಯಾಯವಾಗುತ್ತದೆ. ತುರ್ತುಪರಿಸ್ಥಿತಿಯಲ್ಲಿ ಕೇರಳದ ಕ್ರೈಸ್ತ ಚಿಂತಕ ಎಂ. ಎಂ. ಥಾಮಸ್, ಕ್ರೈಸ್ತರು ಯಾಕೆ ಅದನ್ನು ಒಪ್ಪಬಾರದು ಅಂತ ಬರೆಯುತ್ತಲೇ ಇದ್ದರು. ಅವರೇ ಆಮೇಲೆ ನಾಗಾಲ್ಯಾಂಡಿನ ರಾಜ್ಯಪಾಲರಾದರು. ಸರ್ಕಾರವನ್ನು ಪ್ರಶ್ನಿಸಿದವನಿಗೆ ಸರ್ಕಾರದೊಳಗೆ ಕೂತು ಸೇವೆ ಮಾಡುವುದೂ ಗೊತ್ತಿತ್ತು. ಮತಾಂತರ ತಡೆ ಕಾಯ್ದೆಯ ಮಾತು ಬಂದಾಗ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೋ ಬಹಿರಂಗವಾಗಿಯೇ ವಿರೋಧಿಸಿದರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಆಮೇಲೆ ಜಾರ್ಖಂಡಿನ ಆದಿವಾಸಿಗಳ ಜೊತೆ ನಿಂತ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈನಲ್ಲಿ, 84ನೇ ವಯಸ್ಸಿನಲ್ಲಿ, ಬಂಧನದಲ್ಲಿದ್ದಾಗಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಸರು ಹೊರಗೆ ಬಾರದ ಎಷ್ಟೋ ಕನ್ಯಾಸ್ತ್ರೀಯರು, ಹಳ್ಳಿ ಪಾಸ್ಟರ್‌ಗಳು ರೇಷನ್ ಕಾರ್ಡಿಗೆ, ಜೀತದಾಳುಗಳ ಬಿಡುಗಡೆಗೆ ತಹಸೀಲ್ದಾರರ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕಾದು ಕೂತಿರುತ್ತಾರೆ. ಅವರನ್ನು ಯಾರೂ ಫ್ಲೆಕ್ಸ್‌ನಲ್ಲಿ ಹಾಕುವುದಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನ ಅಸಮಾಧಾನ ಹೋಗಿಲ್ಲ. ಹೆದರಿಕೆಗೆ ಕಾರಣ ಇರುವ ಕಡೆ ಹೆದರೋಣ. ಆದರೆ ಶಾಸಕರು ನಮ್ಮ ಹಾಲಿಗೇ ಬಂದು, ನಮ್ಮ ಕುರ್ಚಿಯಲ್ಲೇ ಕೂತು, ನಾವು ಕೊಟ್ಟ ಹಣ್ಣೇ ತಿನ್ನುವಾಗಲೂ ಪಕ್ಕದ ಓಣಿಯ ಜನರ ಒಂದು ಮಾತು ಎತ್ತದಿರುವುದಕ್ಕೆ ಯಾವ ಹೆದರಿಕೆಯ ನೆಪ? ಚರಂಡಿಗೆ ಇಳಿಯುವ ಪೌರಕಾರ್ಮಿಕರ ಬಗ್ಗೆ, ಹಕ್ಕುಪತ್ರ ಸಿಗದ ಗುಡಿಸಲಿನವರ ಬಗ್ಗೆ ಕೇಳಿದರೆ ಯಾರೂ ನಮ್ಮ ಮೇಲೆ ಕೇಸು ಹಾಕುವುದಿಲ್ಲ. ಅವರಲ್ಲಿ ಬಹಳ ಜನ ಕ್ರೈಸ್ತರಲ್ಲ, ಆದ್ದರಿಂದ ಕೇಳುವುದಕ್ಕೆ ಇನ್ನೂ ಹೆಚ್ಚಿನ ಕಾರಣ ಇದೆ.

ಕಳೆದ ವಾರ ನಮ್ಮೂರ ಅಯ್ಯನವರಿಗೆ, ಅಂದರೆ ಪಾಸ್ಟರ್‌ಗೆ, ಫೋನ್ ಮಾಡಿದೆ. ಹೊಸದಾಗಿ ವರ್ಗವಾಗಿ ಬಂದವರು, ನನಗಿಂತ ಚಿಕ್ಕವರು. ‘ಅಯ್ಯನವರೇ, ಮುಂದಿನ ಸಲ ಮನವಿ ಕೊಡುವಾಗ ನಮ್ಮ ಮೂರು ಕೆಲಸದ ಜೊತೆ ನಾಲೆ ಪಕ್ಕದವರ ಹಕ್ಕುಪತ್ರದ ಮಾತು ಸೇರಿಸೋಕೆ ಆಗುತ್ತಾ?’ ಅಂತ ಕೇಳಿದೆ. ಅವರು ತಕ್ಷಣ ಹೂಂ ಅನ್ನಲಿಲ್ಲ. ಕಮಿಟಿಯಲ್ಲಿ ಇಬ್ಬರು ಗುತ್ತಿಗೆದಾರರಿದ್ದಾರೆ, ಸ್ವಲ್ಪ ಕಷ್ಟ ಅಂದರು. ಅಲ್ಲಿರುವ ಮನೆಗಳ ಪಟ್ಟಿ ಯಾರ ಹತ್ತಿರ ಇದೆ ಅಂತ ಅವರೇ ತಿರುಗಿ ಕೇಳಿದರು. ಅಂಗನವಾಡಿ ಟೀಚರ್ ಹತ್ತಿರ ಇರಬಹುದು ಅಂದೆ. ಭಾನುವಾರ ಆರಾಧನೆ ಮುಗಿದ ಮೇಲೆ ಹೋಗಿ ಕೇಳ್ತೀನಿ ಅಂದಿದ್ದಾರೆ.